ನಾಪಿಗೆ ಒಯ್ದ ಸಲ್ವಾರ್

"ನಿಮ್ಮ ಕಾಲಿಗಿ ಆಗೂ ಪ್ಯಾಂಟ್ ನಮ್ಮ ಅಂಗಡ್ಯಾಗ ಇಲ್ರಿ."

ಅಂಗಡಿಯ ಮಾಲೀಕ ಮಚ್ಛೇಂದ್ರ ಇಷ್ಟು ಹೇಳಿದ್ದೇ ತಡ, ಪಕ್ಕದಲ್ಲಿ ಬೂಟು ನೋಡುತ್ತಿದ್ದ ಇಬ್ಬರು ಕಾಲೇಜು ಹುಡುಗಿಯರು ಕಿಸಕ್ಕನೆ ನಕ್ಕರು.

ಜಿಜಾಳ ಕಿವಿಯ ತನಕ ರಕ್ತ ಏರಿತು.

ಔರಾದ್‌ನಿಂದ ಎರಡು ಬಸ್ಸು ಬದಲಿಸಿ ಬೀದರ್‌ಗೆ ಬಂದಿದ್ದಳು ಅವಳು. ಭಾನುವಾರದ ಒಂದೇ ಒಂದು ರಜೆ. ಊರಿನ ಅಂಗಡಿಗಳನ್ನೆಲ್ಲ ಸುತ್ತಿ ಕೊನೆಗೆ ಈ ಕ್ರೀಡಾ ಸಾಮಾನಿನ ಅಂಗಡಿಯ ಮೆಟ್ಟಿಲು ಹತ್ತಿದ್ದಳು. ಇಲ್ಲಿ ಈ ಮಾತು...

'ಅಂಗಡಿಯಲ್ಲಿ ಮಾಲಿಲ್ಲದಿದ್ದರೆ ಅದಕ್ಕೂ ನನ್ನ ಕಾಲೇ ಹೊಣೆಯೇ?'

"ಯಾಕಿಲ್ರಿ?" ಎಂದಳು, ಹಲ್ಲು ಕಚ್ಚಿಕೊಂಡು.

"ಸೈಕಲ್ ಹೊಡಿಯಾವ್ರ ಥಂಡಿ ಪ್ಯಾಂಟ್ ಎಲ್ಲಾ ಸಣ್ಣ ಕಾಲಿನವ್ರಿಗೇ ಬರ್ತಾವ್ರಿ. ಬೇಕಂದ್ರ ಗಂಡಸರ ದೊಡ್ಡ ಸೈಜ್ ತೋರಿಸ್ತೀನಿ."

ಪಾಪ, ಸಹಾಯ ಮಾಡಬೇಕೆಂದೇ ಅವನು ಅಂದದ್ದು. ಆದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

"ಅದನ್ನೂ ಹಾಕ್ಕೊಂಡು ನೋಡೀನ್ರಿ. ತೊಡಿಗಿ ಬರಾಬರ್ ಆದ್ರ ನಡದಾಗ ಜಾರ್ತದ. ಬಗ್ಗಿ ಪೆಡಲ್ ತುಳಿದ್ರ ಬೆನ್ನು ಬಯಲಾಗಿ ಗಾಳಿ ಒಳಗ ನುಗ್ತದ. ಕೆಳಗ ಉದ್ದ ಉಳಿದು ಚೈನಿಗಿ ಸಿಗ್ತದ. ನಡಾ ಹಿಡಿಯೂದು ತಗೊಂಡ್ರ ತೊಡಿ ಬಿಗಿದು ಕಾಲು ಮರಗಟ್ತದ. ಒಳಗಿನ ಹೊಲಿಗಿ ತಿಕ್ಕಿ ತಿಕ್ಕಿ ಗಾಯ ಬ್ಯಾರೆ. ಮೊಣಕಾಲಿಗಿ ಏರಿಸೂ ಉಣ್ಣಿ ಕಾಲುಚೀಲ ಅರ್ಧ ದಾರ್ಯಾಗ ಉರುಳಿ ಕೆಳಗ ಬರ್ತಾವ. ಇನ್ನೇನು ತೋರಿಸ್ತೀರಿ?"

ಮಚ್ಛೇಂದ್ರ ಕಪಾಟಿನತ್ತ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡ.

"ನನ್ನ ಕಾಲು ದಪ್ಪ ಅದಾವ. ಸಣ್ಣಾಕಿ ಇದ್ದಾಗಿಂದ ಸೈಕಲ್ ತುಳಿದು ದಪ್ಪ ಆಗ್ಯಾವ. ಬಟ್ಟಿ ಮಾಡಾವ್ರ ಬುದ್ಧಿ ಸಣ್ಣದದ ಅಂದ್ರ ಅದು ನನ್ನ ತಪ್ಪಲ್ರಿ." ಆಮೇಲೆ ಆ ಹುಡುಗಿಯರ ಕಡೆ ತಿರುಗಿದಳು. "ಮುಂಜಾನಿ ಏಳರೊಳಗ ನಾ ಸಾಲಿಗಿ ಮುಟ್ಟಿಲ್ಲ ಅಂದ್ರ ಮಕ್ಕಳು ಗಾಡಿ ಹತ್ತಿ ಹೈದರಾಬಾದಿಗಿ ಹೋಗ್ತಾವ. ನಗೂ ಮಾತೇನು ಇದು?"

ಉತ್ತರಕ್ಕೆ ಕಾಯದೆ ಇಳಿದು ಹೋದಳು. ಮಚ್ಛೇಂದ್ರ ಅವಳು ಹೋದ ದಾರಿಯನ್ನೇ ನೋಡುತ್ತ ನಿಂತ.

"ಯಾರ್ರಿ ಅವ್ರು?"

ನಕ್ಕಿದ್ದ ಹುಡುಗಿ ತಲೆ ತಗ್ಗಿಸಿ ಹೇಳಿದಳು: "ನಮ್ಮ ಓಣಿಯಾಕಿರಿ. ಭಾಲ್ಕಿ ಶಾಲುಬಾಯಿ ಮಗಳು, ಜಿಜಾ. ಔರಾದ್ ಕಡಿ ಮಾಸ್ತರಿಕಿ ಮಾಡ್ತಾಳ."

*

ಅದು ಸತತ ಎರಡನೆಯ ಮಳೆಗಾಲವೂ ಕೈಕೊಟ್ಟ ವರ್ಷ. ಮಾಂಜ್ರಾ ನದಿಯಲ್ಲಿ ಮರಳು ಮಾತ್ರ ಉಳಿದಿತ್ತು. ಔರಾದ್‌ನ ಆಚೆಗಿನ ಆ ಗಡಿ ಹಳ್ಳಿಯಲ್ಲಿ ಕೈಕಾಲು ಗಟ್ಟಿಯಿದ್ದವರೆಲ್ಲ ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದರು. ಕರೆದುಕೊಂಡು ಹೋಗುವ ಮುಕಾದಮ ಯಾವ ದಿನ ಗಾಡಿ ತರುತ್ತಾನೆಂದು ಯಾರಿಗೂ ಹೇಳುತ್ತಿರಲಿಲ್ಲ. ಬಂದರೆ ನಸುಕಿನಲ್ಲಿ ಬರುತ್ತಿದ್ದ, ಬೆಳಗಿನ ಏಳಕ್ಕೆಲ್ಲ ಜನ ತುಂಬಿಕೊಂಡು ಹೊರಟುಬಿಡುತ್ತಿದ್ದ.

ಮಕ್ಕಳನ್ನು ಊರಲ್ಲೇ ಇಟ್ಟುಕೊಂಡು ಓದಿಸಲು ಶಾಲೆಯಲ್ಲೇ ಒಂದು ಹಂಗಾಮಿ ವಸತಿ ಶುರುವಾಗಿತ್ತು. ಜಿಜಾ ಅದರ ಟೀಚರ್. ಆದರೆ ತಾಯ್ತಂದೆಯರು ಬರೀ ಶಾಲೆಯ ಕಟ್ಟಡಕ್ಕೆ ಮಕ್ಕಳನ್ನು ಒಪ್ಪಿಸುತ್ತಾರೆಯೇ? ಎದುರಿಗೆ ನಿಂತ ಮನುಷ್ಯರಿಗೆ ಒಪ್ಪಿಸುತ್ತಾರೆ. "ಟೀಚರ್ ಬಾಯಿ ಇದ್ರ ಬಿಟ್ಟು ಹೋಗ್ತೀವಿ, ಇಲ್ಲಂದ್ರ ಸಂಗಟ ಒಯ್ತೀವಿ" ಎಂದು ಎಲ್ಲರೂ ಮೊದಲೇ ಹೇಳಿಟ್ಟಿದ್ದರು.

ಹಳ್ಳಿಯಲ್ಲಿ ಬಾಡಿಗೆಗೆ ಮನೆಯಿಲ್ಲ, ಕುಡಿಯಲು ನೀರಿಲ್ಲ. ಜಿಜಾ ಔರಾದ್‌ನಲ್ಲಿ ಮುನವ್ವರ ಬೇಗಂ ಎಂಬ ಮುದುಕಿಯ ಮನೆಯಲ್ಲಿ ಒಂದು ಖೋಲಿ ಹಿಡಿದಿದ್ದಳು. ಹತ್ತುವ ಜನ ಕಡಿಮೆಯಾದರೆಂದು ಬೆಳಗಿನ ಬಸ್ಸು ನಿಂತುಹೋಯಿತು. ಉಳಿದದ್ದು ಸೈಕಲ್ಲು. ಕತ್ತಲು ಹರಿಯುವ ಮುಂಚೆ ಹೊರಟರೆ ಒಂದು ತಾಸಿನ ಹಾದಿ.

ಬೀದರ್ ಜಿಲ್ಲೆಯ ಡಿಸೆಂಬರ್ ಥಂಡಿ ಗೊತ್ತಿದ್ದವರಿಗೆ ಗೊತ್ತು. ಬಿಸಿಲ ನಾಡೆಂದು ಸುಮ್ಮನೆ ಹೇಳುವವರನ್ನು ಒಮ್ಮೆ ಆ ಬಯಲಲ್ಲಿ ನಸುಕಿಗೆ ಸೈಕಲ್ ಹತ್ತಿಸಬೇಕು.

ಬೀದರ್‌ಗೆ ಹೋಗುವ ಹಿಂದಿನ ವಾರ ಅರ್ಧ ದಾರಿಯಲ್ಲಿ ಅವಳ ಮೀನಖಂಡ ಗಂಟುಕಟ್ಟಿತ್ತು. ರಸ್ತೆ ಬದಿ ಕೂತು ಕಾಲು ತಿಕ್ಕಿಕೊಂಡು ಶಾಲೆ ಮುಟ್ಟುವಷ್ಟರಲ್ಲಿ ಗಾಡಿ ಹೋಗಿಯಾಗಿತ್ತು. ಅದರಲ್ಲಿ ಕಾಶೀರಾಮನ ಇಬ್ಬರು ಮಕ್ಕಳೂ ಹೋಗಿದ್ದರು. ಇಬ್ಬರಿಗೂ ಈಗಷ್ಟೇ ಓದಲು ಬರತೊಡಗಿತ್ತು...

ಆವತ್ತು ಜಿಜಾ ಅತ್ತಿರಲಿಲ್ಲ. ಅಳು ಬರುವ ಜಾಗದಲ್ಲಿ ಅವಳಿಗೆ ಸಿಟ್ಟು ಬರುತ್ತಿತ್ತು.

ಸಿಟ್ಟು ಬರದೆ ಏನು ಮಾಡೀತು? ಅಷ್ಟೂರು ಎಂಬ ಊರಿನಿಂದ ಹೆಣ್ಣು ನೋಡಲು ಬಂದವರು ಅವಳನ್ನು ಅಂಗಳದಲ್ಲಿ ನಡೆಸಿ ನೋಡಿ, "ಕಾಲು ಭಾಳ ಭಾರಿ ಅದಾವ" ಎಂದು ಅವಲಕ್ಕಿ ತಿಂದು ಹೋಗಿದ್ದರು. ಜನವಾಡದವರು ಸೈಕಲ್ ಬಿಟ್ಟರೆ ಒಪ್ಪುತ್ತೇವೆ ಅಂದಿದ್ದರು. ಆ ಕಾಲುಗಳು ಏನೇನು ಹೊತ್ತು ಎಲ್ಲೆಲ್ಲಿಗೆ ಹೋಗುತ್ತವೆಂದು ಕೇಳಿದವರು ಒಬ್ಬರಾದರೂ ಇದ್ದರೇ? ಇರಲಿಲ್ಲ.

*

ಗುರುವಾರ ಸಂಜೆ ಅವ್ವನ ಫೋನು. ಶಾಲುಬಾಯಿಯ ದನಿ ಸಂತೋಷದಿಂದ ನಡುಗುತ್ತಿತ್ತು.

"ಜಿಜಾ, ಹುಡುಗ ಭಾಳ ಪಸಂದ ಆದ ನೋಡು. ಬೀದರದಾಗ ಸ್ವಂತ ಅಂಗಡಿ ಅದ ಅಂತ."

"ಯಾವ ಹುಡುಗ ಅವ್ವಾ?"

"ಹಾಂ, ನಂಗೇ ಕೇಳ್ತಿಯೇನು? ಮಚ್ಛೇಂದ್ರ. ಖುದ್ದು ಮನಿಗಿ ಬಂದು, ನಿಮ್ಮ ಮಗಳ ನಾಪಿನ ಸಲ್ವಾರ್ ಒಂದು ಕೊಡ್ರಿ ಅಂತ ಕೇಳ್ದ. ಕೊಟ್ಟೀನಿ. ಟೆಂಗಿನಕಾಯಿ, ಬೆಲ್ಲ ಕೈಯಾಗಿಟ್ಟೀನಿ. ಓಣಿ ಮಂದಿಗೆಲ್ಲ ಬೆಲ್ಲ ಕೊಟ್ಟು ಹೇಳೀನಿ."

ಜಿಜಾ ಗೋಡೆಗೆ ಒರಗಿದಳು.

ಅವರ ಓಣಿಯಲ್ಲಿ ಗಂಡಿನ ಕಡೆಯವರು ಹೆಣ್ಣಿನ ನಾಪಿನ ಬಟ್ಟೆ ಕೇಳಿದರೆಂದರೆ, ಮದುವೆಯ ಬಟ್ಟೆ ಹೊಲಿಸಲು ಅಳತೆ ಒಯ್ದರೆಂದೇ ಅರ್ಥ. ಅಲ್ಲಿಗೆ ಮಾತು ಪಕ್ಕಾ. ಆಮೇಲೆ ಹಿಂದೆಗೆದರೆ ಹೆಣ್ಣಿನ ಮನೆಯ ಇಜ್ಜತ್ತಿನ ಪ್ರಶ್ನೆ.

'ಅಂಗಡಿಯಲ್ಲಿ ಅವಮಾನ ಮಾಡಿದ್ದು ಸಾಲದೆಂದು ಮನೆಯ ತನಕ ಬಂದನೇ? ನನ್ನನ್ನು ಒಂದು ಮಾತು ಕೇಳದೆ?'

ಭಾನುವಾರ ಅವಳು ಮತ್ತೆ ಬೀದರ್‌ನ ಆ ಅಂಗಡಿಯಲ್ಲಿದ್ದಳು. ಮಚ್ಛೇಂದ್ರ ಅವಳನ್ನು ಕಂಡದ್ದೇ ಖುಷಿಯಿಂದ ಎದ್ದುಬಂದ.

"ಛಲೋ ಆತು ಬಂದ್ರಿ. ನಮ್ಮ ದರ್ಜಿ ಬಾಬುಮಿಯಾ ಹೊಲಿಲತ್ತಾರ. ನಾಳಿಗಿ ಮುಗೀತದ."

"ಏನು? ಮದುವಿ ಬಟ್ಟೇನ್ರಿ?"

"ಮದುವಿ...?" ಅವನು ತಡವರಿಸಿದ. "ಪ್ಯಾಂಟ್‌ರಿ. ನೀವು ಹೇಳಿದ್ದೆಲ್ಲ ಬಾಬುಮಿಯಾಗ ಹೇಳೀನಿ. ಬರೇ ಮಾತಿನ ಮ್ಯಾಲ ಹ್ಯಾಂಗ ಕತ್ತರಿ ಹಾಕ್ಲಿ, ನಾಪಿನ ಬಟ್ಟಿ ತಂದು ಕೊಡ್ರಿ ಅಂದ್ರು. ಸಾಲಿ ಯುನಿಫಾರ್ಮ್ ಮಾಲು ಕೊಡ್ಲಿಕ್ಕಿ ಭಾಲ್ಕಿಗಿ ಹೋಗಿದ್ದೆ. ಹಂಗೇ ನಿಮ್ಮ ಮನಿಗಿ..."

"ಹಂಗೇ." ಜಿಜಾಳ ದನಿ ಏರಲಿಲ್ಲ, ಮತ್ತಷ್ಟು ಇಳಿಯಿತು. "ನಿಮಗ ಹಂಗೇ. ನಮ್ಮವ್ವ ಓಣಿಗೆಲ್ಲ ಬೆಲ್ಲ ಹಂಚ್ಯಾಳ. ನನ್ನ ಕಾಲು ನೋಡಿ ಬ್ಯಾಡ ಅಂದಾವ್ರು ನನ್ನ ಕೇಳಿಲ್ಲ. ಈಗ ಒಯ್ದಾವ್ರೂ ಕೇಳಿಲ್ಲ. ನಾ ಏನು ಸಂತಿ ಸಾಮಾನೇನ್ರಿ?"

ಅವನ ಮುಖ ಬಿಳಿಚಿಕೊಂಡಿತು.

"ಇವತ್ತೇ ಭಾಲ್ಕಿಗಿ ಹೋಗ್ರಿ. ಮದುವಿ ಮಾತಿಗಿ ಬಂದಿಲ್ಲ ಅಂತ ಅವ್ವಗ ಹೇಳ್ರಿ. ನಿಮ್ಮ ಪ್ಯಾಂಟ್ ನಿಮ್ಮಲ್ಲೇ ಇಟ್ಕೋರಿ."

ಹೇಳಿ ಹೊರಬಂದವಳಿಗೆ ಬಸ್ಸಿನಲ್ಲಿ ಕೂತ ಮೇಲೆ ಒಂದು ಮಾತು ಹೊಳೆಯಿತು. ಅವಳು ಆಡಿದ ಒಂದೊಂದು ಮಾತನ್ನೂ ನೆನಪಿಟ್ಟು ದರ್ಜಿಗೆ ಹೇಳಿದ್ದಾನೆ... ಯಾರು ಹಾಗೆ ಕೇಳಿಸಿಕೊಂಡಿದ್ದರು ಇಲ್ಲಿಯವರೆಗೆ? ಅದು ನೆನಪಾಗಿ ಅವಳಿಗೆ ತನ್ನ ಮೇಲೇ ಇನ್ನಷ್ಟು ಸಿಟ್ಟು ಬಂತು.

*

ಸೋಮವಾರ ಥಂಡಿ ಇನ್ನೂ ಹೆಚ್ಚಿತು. ಹಳೆಯ ಲೆಗ್ಗಿಂಗ್ಸ್ ತೊಡೆಯ ಹತ್ತಿರ ಪರ್ರನೆ ಹರಿಯಿತು. ಎರಡು ಸಲ ಇಳಿದು ಸೈಕಲ್ ತಳ್ಳಿಕೊಂಡು ಶಾಲೆ ಮುಟ್ಟಿದಾಗ ಬಿಸಿಲು ಬಿದ್ದಿತ್ತು. ಪುಣ್ಯಕ್ಕೆ ಗಾಡಿ ಬಂದಿರಲಿಲ್ಲ.

ವಸತಿಯ ಉಸ್ತುವಾರಿ ಭಾಲಚಂದ್ರ ಸರ್ ಬಾಗಿಲಲ್ಲೇ ನಿಂತಿದ್ದರು. "ಏನ್ರಿ ಜಿಜಾಬಾಯಿ, ಮಕ್ಕಳು ಇನ್ನೂ ಕಮ್ಮಿ ಆದ್ರ ವಸತಿ ಬಂದ್ ಮಾಡ್ತಾರ. ನಿಮ್ಮಿಂದ ಆಗಲ್ಲ ಅಂದ್ರ ಹೇಳಿಬಿಡ್ರಿ. ದೇಹ ಭಾರ ಇದ್ದಾವ್ರಿಗಿ ಸೈಕಲ್ ತ್ರಾಸೇ."

"ತ್ರಾಸು ಥಂಡೀದು ಅದ ಸರ್. ನಿಮ್ಮ ಮೋಟಾರ್ ಸೈಕಲ್ ಮ್ಯಾಲ ನೀವು ಏಳಕ್ಕ ಬರ್ರಿ, ನಾ ಎಂಟಕ್ಕ ಬರ್ತೀನಿ."

ಸರ್ ಕೆಮ್ಮಿ ಒಳಗೆ ಹೋದರು.

ಆ ಸಂಜೆ ಮನೆಗೆ ಬಂದಾಗ ಮುನವ್ವರ ಬೇಗಂ ಒಂದು ಕಾಗದದ ಪೊಟ್ಟಣ ಕೈಗಿಟ್ಟಳು.

"ಬೀದರದಿಂದ ಒಬ್ಬಾವ ತಂದು ಕೊಟ್ಟ ಬೇಟಿ. ಒಳಗ ಬಾ ಅಂದ್ರ ಬರ್ಲಿಲ್ಲ. ನಿಮ್ಮವ್ವಗ ಖರೇ ಹೇಳಿ ಬಂದಾನಂತ. ಬೈಸ್ಕೊಂಡಾನಂತ. ಇದು ಮಕ್ಕಳ ಸಲುವಾಗಿ ಹಾಕ್ಕೋಬೇಕು, ನನ್ನ ಸಲುವಾಗಿ ಅಲ್ಲ ಅಂತ ಹೇಳು ಅಂದ."

ಜಿಜಾ ಪೊಟ್ಟಣ ಮೂಲೆಗೆ ಎಸೆದಳು. ಉಂಡ ಮೇಲೆ ಎತ್ತಿಕೊಂಡಳು.

ನಸುಕಿನಲ್ಲಿ ಹಾಕಿಕೊಂಡಾಗ ಬೈಯಲು ಏನಾದರೂ ಸಿಗುತ್ತದೆಯೇ ಎಂದು ಹುಡುಕಿದಳು. ಸಿಗಲಿಲ್ಲ. ಎಳೆದರೆ ಹಿಗ್ಗುವ ಬಟ್ಟೆ, ಒಳಗೆಲ್ಲ ಮೆತ್ತಗೆ. ತೊಡೆಗಳ ನಡುವೆ ಬೇರೆ ತುಂಡು ಹಚ್ಚಿ ಹೊಲಿಗೆಯನ್ನು ಹೊರಕ್ಕೆ ಸರಿಸಿದ್ದರು. ಬೆನ್ನ ಕಡೆ ಎತ್ತರ, ಸೊಂಟದಲ್ಲಿ ಲಾಡಿ, ಪಾದದ ಹತ್ತಿರ ಗಿಡ್ಡ. ಪೆಡಲ್ ತುಳಿದಳು. ಯಾವುದೂ ಜಾರಲಿಲ್ಲ, ಯಾವುದೂ ಬಿಗಿಯಲಿಲ್ಲ. ಊರು ದಾಟುವಷ್ಟರಲ್ಲಿ ಮೊಣಕಾಲು ಬೆಚ್ಚಗಾದವು. ತನ್ನ ಕಾಲುಗಳಿಗೆ ಎಷ್ಟು ಬಲವಿದೆಯೆಂದು ಎಷ್ಟೋ ದಿನಗಳ ಮೇಲೆ ಅವಳಿಗೆ ಗೊತ್ತಾಯಿತು.

ಹಳ್ಳಿಯ ತಿರುವಿನಲ್ಲಿ ಗಾಡಿಯ ದೀಪ ಕಂಡಿತು.

ಜನ ಹತ್ತುತ್ತಿದ್ದರು. ಪಂಢರಿ ತನ್ನ ಮಗಳನ್ನು ಎತ್ತಿ ಗಾಡಿಯೊಳಗೆ ಕೂಡಿಸಿಯೂ ಆಗಿತ್ತು. ಹುಡುಗಿಯ ಕೈಯಲ್ಲಿ ಬರೆಯುವ ಪಾಟಿಯಿತ್ತು.

"ಪಂಢರಿ, ಪೋರಿನ ಇಳಸ್ರಿ. ನಾ ಬಂದೀನಿ."

ಪಂಢರಿ ಅವಳನ್ನು ನೋಡಿದ, ಮಗಳನ್ನು ನೋಡಿದ. ಮುಕಾದಮ ಹಾರ್ನ್ ಬಾರಿಸಿದ.

"ಬಾಯಿ, ನಾಳಿ ನೀವು ಬರ್ಲಿಲ್ಲ ಅಂದ್ರ?"

"ದಿನಾ ಬರ್ತೀನಿ. ಈ ಥಂಡಿಗಿ ನಾ ಇನ್ನ ಅಂಜಲ್ಲ."

ಪಂಢರಿ ಮಗಳನ್ನು ಇಳಿಸಿ ಜಿಜಾಳ ಕೈಗೆ ಕೊಟ್ಟ. ಅವನ ಹಿಂದೆ ಇನ್ನಿಬ್ಬರು ತಾಯಂದಿರು ತಮ್ಮ ಮಕ್ಕಳನ್ನು ಕೆಳಗೆ ಬಿಟ್ಟರು. ಗಾಡಿ ಹೋದ ಮೇಲೆ, ಮಕ್ಕಳ ನಡುವೆ ನಿಂತು, ಜಿಜಾ ಮೊದಲ ಸಲ ಅತ್ತಳು.

*

ಸಂಜೆ ಮುನವ್ವರ ಬೇಗಂಳ ಅಂಗಳದಲ್ಲಿ ಮಚ್ಛೇಂದ್ರ ಕೂತಿದ್ದ. ಅವಳನ್ನು ಕಂಡು ಎದ್ದುನಿಂತ.

"ಎಲ್ಲ್ಯರ ತಿಕ್ತದೇನು ಕೇಳ್ಲಿಕ್ಕಿ ಬಂದೆ. ಇಷ್ಟೇ. ಹೋಗ್ತೀನ್ರಿ."

"ತಿಕ್ಕಲ್ರಿ." ಜಿಜಾ ಸೈಕಲ್ ನಿಲ್ಲಿಸಿದಳು. "ಮೂರು ಮಕ್ಕಳು ಉಳಿದ್ರು ಇವತ್ತ."

ಅವನ ಕಣ್ಣಲ್ಲಿ ಬಂದ ಬೆಳಕನ್ನು ಅವಳು ನೋಡಿದಳು. ನೋಡಿ ಬೇರೆ ಕಡೆ ತಿರುಗಿಕೊಂಡಳು.

"ಒಂದು ಮಾತು ಖರೇ ಹೇಳ್ರಿ. ನಾಪ ಕೇಳಿದ್ರ ಏನು ಅರ್ಥ ಅಂತ ನಿಮಗ ಗೊತ್ತಿರ್ಲಿಲ್ಲ?"

ಮಚ್ಛೇಂದ್ರ ಸೈಕಲ್ಲಿನ ಕಡೆ ನೋಡುತ್ತ ಹೇಳಿದ.

"ಕೇಳುವಾಗ ಗೊತ್ತಿರ್ಲಿಲ್ರಿ. ನಮ್ಮ ಮನ್ಯಾಗ ಹೆಣ್ಮಕ್ಕಳಿಲ್ಲ. ನಿಮ್ಮವ್ವ ಟೆಂಗಿನಕಾಯಿ ಕೈಯಾಗಿಟ್ಟಾಗ ತಿಳೀತು. ಆಗ್ಲೇ ತಿರಗಿ ಕೊಡ್ಬೇಕಿತ್ತು..."

"ಯಾಕ ಕೊಡ್ಲಿಲ್ಲ?"

"ಮನಸಾಗ್ಲಿಲ್ರಿ. ಆ ದಿನ ನೀವು ಅಂಗಡ್ಯಾಗ ಬೈದು ಹೋದಾಗಿಂದ ನನಗ ಬ್ಯಾರೆ ಯಾವ್ದೂ ಕೆಲಸ ತೋಚಿಲ್ಲ. ನನ್ನ ತಪ್ಪು ಅದ. ನಿಮಗ ಕೇಳ್ದೆ ಖುಷಿ ಪಟ್ಟೆ."

ಜಿಜಾಳ ಎದೆ ಒಮ್ಮೆಲೇ ತುಂಬಿ ಬಂತು. ಆದರೂ ಹುಬ್ಬು ಗಂಟಿಕ್ಕಿಯೇ ಕೇಳಿದಳು.

"ನಾಳಿ ನಿಮ್ಮ ಮಂದಿ ಹುಡುಗಿ ಕಾಲು ದಪ್ಪ ಅದಾವ ಅಂದ್ರ ಏನಂತೀರಿ?"

"ಹೌದು ಅಂತೀನ್ರಿ. ಅದಾವಲ್ರಿ ಮತ್ತ. ಸಣ್ಣ ಇದ್ದಿದ್ರ ಇವತ್ತ ಆ ಮಕ್ಕಳು ಹೈದರಾಬಾದಿನಾಗ ಇರ್ತಿದ್ರು."

ಅವಳಿಗೆ ನಗು ತಡೆಯಲಾಗಲಿಲ್ಲ. ಒಳಗಿನಿಂದ ಮುನವ್ವರ ಬೇಗಂ ಚಹಾ ಸೋಸುವ ಸದ್ದು ನಿಂತಿತು. ಮುದುಕಿ ಕಿವಿಗೊಟ್ಟಿದ್ದಳು.

"ಈಗ ಕೇಳ್ಲಿರಿ? ಬರೇ ನಿಮಗ?"

"ಕೇಳ್ರಿ."

"ನನ್ನ ಸಂಗಟ ಇರ್ತೀರೇನು?"

"ಸೈಕಲ್ ಬಿಡಲ್ಲ. ಸಾಲಿ ಬಿಡಲ್ಲ. ಸಿಟ್ಟೂ ಬಿಡಲ್ಲ."

"ಬಿಡ್ರಿ ಅಂತ ಯಾರು ಅಂದಾರ್ರಿ?" ಅವನ ದನಿ ಮೆತ್ತಗಾಯಿತು. "ನಿಮ್ಮವ್ವಗ ಮಾತ್ರ ನಾ ಹ್ಯಾಂಗ ಹೇಳ್ಲಿ? ಮೊನ್ನಿ ಇಲ್ಲ ಅಂದು ಅಳಿಸಿ ಬಂದೀನಿ."

"ನೀವು ಹೇಳೂದು ಬ್ಯಾಡ."

ಜಿಜಾ ಫೋನು ತೆಗೆದು ಕಿವಿಗಿಟ್ಟುಕೊಂಡಳು. ಇನ್ನೊಂದು ಕೈ ಮುಂದೆ ಚಾಚಿದಳು. ಮಚ್ಛೇಂದ್ರ ಅದನ್ನು ಮೆಲ್ಲಗೆ ಹಿಡಿದುಕೊಂಡ.

"ಅವ್ವಾ, ಅಳಬ್ಯಾಡ, ಕೇಳು. ಆ ಹುಡುಗ ನಂಗ ಪಸಂದ ಅದಾನ. ಈ ಸಲ ನಾ ಹೇಳ್ಲತ್ತೀನಿ."