ಹಸೆಯಿಂದ ಎದ್ದು ಬಂದವಳು

"ನನ್ನನ್ನ ಯಾಕೆ ಬಾವಿಗೆ ನೂಕಿದ್ರಿ, ಮೇಷ್ಟ್ರೇ?"

ಮಧುಗಿರಿಯ ಶಾಲೆಯ ಜಗಲಿಯ ಮೇಲೆ ನಿಂತಿದ್ದ ನಂದೀಶ್ವರಯ್ಯನವರಿಗೆ ಏನೂ ಅರ್ಥವಾಗಲಿಲ್ಲ. ಎದುರಿಗಿದ್ದ ಹೆಣ್ಣುಮಗಳ ಸೀರೆಯ ತುಂಬ ಇದ್ದಿಲಿನಿಂದ ಓಡುವ ಬಸ್ಸಿನ ಮಸಿ. ಕೈಯಲ್ಲಿ ಬೆಂಗಳೂರಿನ ಒಂದು ಮಾಸಪತ್ರಿಕೆ.

"ಯಾರಮ್ಮ ನೀವು?"

"ಸಿದ್ದಗಂಗಮ್ಮ. ಕೊರಟಗೆರೆ ಹೆಣ್ಣುಮಕ್ಕಳ ಶಾಲೇಲಿ ಪಾಠ ಹೇಳ್ತೀನಿ. ಹಸೆಯಿಂದ ಎದ್ದು ಬಂದೋಳು ಅಂದ್ರೆ ಬೇಗ ಗೊತ್ತಾಗುತ್ತೇನೋ!"

ಅವರ ಮುಖ ಬಿಳಿಚಿಕೊಂಡಿತು.

ಅದು 1943ನೇ ಇಸವಿ. ನಂದೀಶ್ವರಯ್ಯ ಮೇಷ್ಟ್ರ ಕೆಲಸದ ಜೊತೆಗೆ ಏಳು ವರ್ಷದಿಂದ ಕಥೆ ಬರೆಯುತ್ತಿದ್ದರು. ಆ ತಿಂಗಳು ಅಚ್ಚಾದ ಕಥೆಯಲ್ಲಿ ಮದುಮಗಳೊಬ್ಬಳು ಹಸೆಮಣೆಯಿಂದ ಎದ್ದು ಹೋಗುತ್ತಾಳೆ. ಆಮೇಲೆ ಅವಮಾನ ತಾಳದೆ ಬಾವಿಗೆ ಹಾರುತ್ತಾಳೆ. ಓದಿದವರು ಕಣ್ಣೀರು ಹಾಕಿ ಪತ್ರ ಬರೆದಿದ್ದರು.

"ಸಿರಾ ಬಸ್ಸಲ್ಲಿ ಯಾರೋ ಹೇಳ್ತಿದ್ದದ್ದು ಕಿವಿಗೆ ಬಿತ್ತು... ಕೊನೆ ಮಾತ್ರ ನಾನು ಕಟ್ಟಿದ್ದು," ಎಂದರು ಮೇಷ್ಟ್ರು.

"ನಾಲ್ಕು ವರ್ಷದಿಂದ ತಲೆ ಎತ್ಕೊಂಡು ಬದುಕಿದೀನಿ. ಈ ಕಥೆ ಬಂದ ಮೇಲೆ ನಾನು ಬಾವಿಯಿಂದ ನೀರು ತರೋಕೆ ಹೋದ್ರೂ ನಮ್ಮವ್ವ ಹೆದರ್ಕೊಂಡು ಹಿಂದೇನೇ ಬರ್ತಾಳೆ! ಎದ್ದು ಬಂದೋಳು ಬದುಕಿರ್ತಾಳೆ ಅಂತ ನಿಮಗೆ ತೋಚಲೇ ಇಲ್ವಾ?"

ಆ ಕಥೆ ಅಚ್ಚಿಗೆ ಹೋಗಿದ್ದ ಅವರ ಹೊಸ ಪುಸ್ತಕದಲ್ಲೂ ಇತ್ತು.

"ನನ್ನ ಪುಸ್ತಕದಲ್ಲೂ ಈ ಕಥೆ ಬರ್ತಿದೆ. ಅದು ಅಚ್ಚಾಗೋ ಮೊದಲು ಕೊನೆ ತಿದ್ತೀನಿ. ಮಾತು ಕೊಡ್ತೀನಿ."

ಅವಳು ಹೊರಟವಳು ತಿರುಗಿ ನಿಂತಳು.

"ನಿಮ್ಮ ಬೇರೆ ಕಥೆಗಳು ಚೆನ್ನಾಗಿರ್ತವೆ. ಅದಕ್ಕೇ ಇಷ್ಟು ನೋವಾಗಿದ್ದು."

ಬಸ್ಸಿನಲ್ಲಿ ಕೂತ ಮೇಲೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. 'ಜಗಳಕ್ಕೆ ಹೋಗಿ ಹೊಗಳಿ ಬಂದೆನಲ್ಲ!'

ಯುದ್ಧದ ಕಾಲ. ಕಾಗದ ಸಿಗದೆ ಪುಸ್ತಕ ತಡವಾಯಿತು. ಎಂಟು ತಿಂಗಳ ಮೇಲೆ ಅಂಚೆಯಲ್ಲಿ ಅವಳಿಗೊಂದು ಪ್ರತಿ ಬಂತು. ನಿಂತಲ್ಲೇ ಪುಟ ತಿರುವಿದಳು. ಹನ್ನೊಂದು ಕಥೆ. ಅವಳ ಕಥೆ ಇರಲೇ ಇಲ್ಲ!

'ಮೊದಲು ಕೊಂದರು. ಈಗ ಅಳಿಸಿಯೇ ಬಿಟ್ಟರು...'

ಒಂದು ಸಾಲೂ ಬರೆಯದೆ ಪುಸ್ತಕವನ್ನು ವಾಪಸ್ಸು ಕಳಿಸಿದಳು.

ಮುಂದಿನ ಭಾನುವಾರ ನಂದೀಶ್ವರಯ್ಯನವರೇ ಕೊರಟಗೆರೆಗೆ ಬಂದರು. ಅವಳ ತಾಯಿ ಚಾಪೆ ಹಾಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ತಿದ್ದೋದಕ್ಕಿಂತ ಹರಿದು ಹಾಕೋದು ಸುಲಭ, ಅಲ್ವಾ ಮೇಷ್ಟ್ರೇ?" ಸಿದ್ದಗಂಗಮ್ಮನ ದನಿ ಗಡುಸಾಗಿತ್ತು.

"ಆರು ಸಲ ಬರೆದೆ. ಒಂದರಲ್ಲಿ ಆಕೆ ಮಠ ಸೇರ್ತಾಳೆ. ಇನ್ನೊಂದರಲ್ಲಿ ಆ ಗಂಡು ಬಂದು ತಪ್ಪಾಯ್ತು ಅಂತಾನೆ... ಎಲ್ಲಾ ಸುಳ್ಳು ಅನ್ನಿಸ್ತು. ನೀವು ಯಾಕೆ ಎದ್ರಿ ಅನ್ನೋದೇ ನನಗೆ ಗೊತ್ತಿಲ್ಲ. ನಿಮ್ಮನ್ನ ಕೇಳದೆ ಇನ್ನೊಂದು ಸಲ ಬರೆಯೋಕೆ ಮನಸ್ಸು ಬರಲಿಲ್ಲ."

ಮದುವೆ ಮುರಿದ ಮೇಲೆ ಅವಳನ್ನು ಬೈದವರೇ ಎಲ್ಲರೂ. ಯಾಕೆ ಎಂದು ಕೇಳಿದವರು ಇವರೊಬ್ಬರೇ.

"ಚಪ್ಪರದ ಕಂಬ ಹಿಡ್ಕೊಂಡು ಒಬ್ಬಳು ನಿಂತಿದ್ಳು. ಕಂಕುಳಲ್ಲಿ ಮಗು. ಆ ಮಗು ಮದುಮಗನ್ನ ನೋಡಿ 'ಅಪ್ಪಾ' ಅಂತು. ವಾಲಗದ ಸದ್ದಲ್ಲಿ ನನಗೊಬ್ಬಳಿಗೇ ಕೇಳಿಸ್ತೇನೋ... ಎದ್ದುಬಿಟ್ಟೆ. ಆಮೇಲೆ ಹೇಳಿದ್ರೆ, ಗಂಡಸರಿಗೆ ಇದೆಲ್ಲಾ ಇದ್ದದ್ದೇ ಅಂದ್ರು."

ನಂದೀಶ್ವರಯ್ಯ ಜೇಬಿನ ಪೆನ್ನನ್ನು ಮುಟ್ಟಲೇ ಇಲ್ಲ.

"ಬರ್ಕೊಳ್ಳಲ್ವಾ?"

"ಕಥೆಗೆ ಅಂತ ಕೇಳಿದ್ದಲ್ಲ."

"ಮತ್ತೆ?"

"ಆವತ್ತಿಂದ ಏನೇ ಬರೆದ್ರೂ, ಇದನ್ನ ಸಿದ್ದಗಂಗಮ್ಮ ಒಪ್ತಾರಾ ಅಂತ ಯೋಚನೆ ಬರುತ್ತೆ. ಅವರ ಜೊತೆಗೇ ಇರಬೇಕು ಅನ್ನಿಸುತ್ತೆ..." ಅವರ ಕಿವಿ ಕೆಂಪಾಗಿತ್ತು. "ನನಗೆ ಮದುವೆ ಆಗಿಲ್ಲ. ಹಿಂದೇನೂ ಆಗಿರಲಿಲ್ಲ. ಮಧುಗಿರೀಲಿ ಯಾರನ್ನ ಬೇಕಾದ್ರೂ ವಿಚಾರಿಸಿ."

ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ನಾನು ಕೆಲಸ ಬಿಡಲ್ಲ."

"ಬಿಡಬೇಡಿ."

"ಸಿಟ್ಟು ಬಂದ್ರೆ ಜಗಳ ಆಡ್ತೀನಿ."

"ಗೊತ್ತು. ಗೊತ್ತಿದ್ದೇ ಬಂದಿದೀನಿ."

ಬಾಗಿಲಿಂದ ತಾಯಿ ಕೂಗಿದಳು. "ಉಂಡ್ಬುಟ್ಟು ಮಾತಾಡ್ರಪ್ಪ! ಮುದ್ದೆ ಆರೋಯ್ತದೆ!"

ಸಿದ್ದಗಂಗಮ್ಮ ಅವರಿಗೆ ಕೈ ತೊಳೆಯಲು ಚೆಂಬು ನೀರು ತಂದಿಟ್ಟಳು.

"ಮಧುಗಿರಿಗೆ ಯಾವಾಗ ಬರ್ತೀರಿ, ವಿಚಾರಿಸೋಕೆ?" ಅವರು ಅಳುಕುತ್ತಾ ಕೇಳಿದರು.

"ವಿಚಾರಿಸೋದೇನೂ ಬೇಡ," ಎಂದಳು ಅವಳು, ಮೆಲ್ಲಗೆ. "ನೀವು ಹೇಳಿದ್ರಲ್ಲ... ಸಾಕು."