ತಂಡದ ಡಾಕ್ಟರ ಹಳದಿ ನೋಟ್‌ಬುಕ್

೧೯೭೮ರ ಒಂದು ಭಾನುವಾರ, ಕೋಕಂದ್ ಊರಿನ ಫುಟ್‌ಬಾಲ್ ಮೈದಾನದ ಬಟ್ಟೆ ಬದಲಿಸುವ ಕೋಣೆಯಲ್ಲಿ ಇಬ್ಬರು ಒಂದು ಮಾತು ಕೊಟ್ಟರು. ತಲೆಗೆ ಪೆಟ್ಟು ಬಿದ್ದು ಹಲಗೆಯ ಮೇಲೆ ಮಲಗಿದ್ದ ನಾಯಕ ಇಸ್ಮತನ ಕೈ ಹಿಡಿದು ಗೋಲ್‌ಕೀಪರ್ ತೆನ್ ಮತ್ತು ಎಡಪಕ್ಕದ ಓಟಗಾರ ಗೋಫುರ್ ಹೇಳಿದ್ದರು: “ಮುಂದೆ ಈ ತಲೆಗೆ ಏನಾದ್ರೂ ಆದ್ರೆ, ಯಾಕಾಯ್ತು ಅಂತ ನಾವು ಬಂದು ಹೇಳ್ತೀವಿ. ಯಾರ ಮುಂದೆ ಬೇಕಾದ್ರೂ.”

ಮೀಸಲು ಆಟಗಾರನಾದ ನಾನು ಮೂಲೆಯಲ್ಲಿ ಕೂತು ಕೇಳಿಸಿಕೊಂಡಿದ್ದೆ.

ಇಪ್ಪತ್ತಾರು ವರ್ಷದ ನಂತರ, ಏಪ್ರಿಲ್‌ನ ಒಂದು ಬೆಳಗ್ಗೆ, ಇಸ್ಮತನ ಹೆಂಡತಿ ಓಯ್‌ದಿನ್ ಕಬ್ಬಿಣದ ಪೆಟ್ಟಿಗೆ ತೆರೆದಳು. ನೋಟ್‌ಬುಕ್ ಇರಲಿಲ್ಲ.

ಅದು ನಮ್ಮ ಚಿನಾರ್ ತಂಡದ ಡಾಕ್ಟರು ಸಾಯುವ ಮುನ್ನ ಅವಳಿಗೆ ಕೊಟ್ಟದ್ದು. ಕಾಗದದ ಪ್ರಕಾರ ನಾವ್ಯಾರೂ ಫುಟ್‌ಬಾಲ್ ಆಟಗಾರರಲ್ಲ. ಎಲ್ಲರೂ ಹತ್ತಿಬೀಜದ ಎಣ್ಣೆ ಗಿರಣಿಯ ಫಿಟ್ಟರುಗಳು. ಸಂಬಳ ಗಿರಣಿಯದು, ಬೆವರು ಮೈದಾನದ್ದು. ಈಗ ಇಸ್ಮತನಿಗೆ ಸ್ವಂತ ಮಗಳ ಗುರುತೂ ಸಿಗದು. ಅಂಗವಿಕಲರ ಸಮಿತಿಯವರು ಕೇಳುತ್ತಾರೆ— ಫಿಟ್ಟರನ ತಲೆಗೆ ಪೆಟ್ಟು ಬಿದ್ದದ್ದೆಲ್ಲಿ? ಬರಹದಲ್ಲಿದ್ದ ಉತ್ತರ ಅದೊಂದೇ ನೋಟ್‌ಬುಕ್. ವಿಚಾರಣೆ ನಾಳೆ ಹತ್ತು ಗಂಟೆಗೆ. ಒಪ್ಪಿದರೆ ಔಷಧಿ, ಮನೆಗೇ ಬರುವ ದಾದಿ. ಇಲ್ಲದಿದ್ದರೆ ಕಡತ ಮುಚ್ಚಿ, ಇಸ್ಮತನನ್ನು ಊರಾಚೆಯ ಹುಚ್ಚಾಸ್ಪತ್ರೆಗೆ ಹಾಕುತ್ತಾರೆ.

ನಾನು ಓಡಿದ್ದು ನಮ್ಮ ಬೀದಿಯ ಸಫುರಾ ಆಪಾ ಹತ್ತಿರ. ಇಪ್ಪತ್ತೆರಡು ವರ್ಷ ಪೊಲೀಸ್ ತನಿಖೆ ಮಾಡಿ ನಿವೃತ್ತರಾದವರು. ಈಗ ಮಂಡಿನೋವು, ಟೊಮೆಟೊ ಸಸಿ.

“ನಡಿ ಮುರೋದ್,” ಅಂದರು ಕೈಯ ಮಣ್ಣು ಒರೆಸಿಕೊಳ್ಳುತ್ತ. “ಬೆಂಚಿನ ಮೇಲೆ ಕೂತಿದ್ದು ಸಾಕು.”

ಓಯ್‌ದಿನ್ ಅಳುತ್ತಿರಲಿಲ್ಲ. ಅಳಲು ಪುರುಸೊತ್ತಿರಲಿಲ್ಲ. ಒಂದು ಕೈಯಲ್ಲಿ ಗಂಡನ ತೋಳು ಹಿಡಿದೇ ಮಾತಾಡಿದಳು.

“ಯಾವಾಗ ಕೊನೇ ಸಲ ನೋಡಿದ್ದು?”

“ನಿನ್ನೆ ಮಧ್ಯಾಹ್ನ. ಮೂವರು ಬಂದಿದ್ರು ಆಪಾ. ತೆನ್, ಗೋಫುರ್, ನಬಿಜಾನ್. ತೋರಿಸಿದೆ, ಪೆಟ್ಟಿಗೆಗೆ ಹಾಕಿದೆ.”

ನಬಿಜಾನ್ ಆಗಿನ ತಂಡದ ಮೇಲ್ವಿಚಾರಕ.

“ಆಮೇಲೆ ಪೆಟ್ಟಿಗೆ ಇದ್ದ ಕೋಣೆಗೆ ಯಾರು ಹೋದ್ರು?”

“ಮೂವರೂ! ನಬಿಜಾನ್ ಫೋನ್ ಮಾಡೋಕೆ, ತೆನ್ ಕೈ ತೊಳೆಯೋಕೆ, ಗೋಫುರ್ ಇವರಿಗೆ ಶಾಲು ತರೋಕೆ. ನಾನು ಒಲೆ ಮುಂದಿದ್ದೆ.”

“ನೋಟ್‌ಬುಕ್‌ನಲ್ಲಿ ಏನಿತ್ತು?”

“ಅವತ್ತಿನ ಪೆಟ್ಟು. ನೋವು ತಿಳೀದ ಹಾಗೆ ಸೂಜಿ ಹಾಕಿ ಮತ್ತೆ ಮೈದಾನಕ್ಕೆ ಇಳಿಸಿದ್ದು. ಇಳಿಸು ಅಂತ ನಬಿಜಾನ್ ಹೇಳಿದ್ದು. ಹನ್ನೊಂದು ಜನರ ಗಾಯಾನೂ ಇತ್ತು. ಹೋದ ವಾರ ಮೂವರಿಗೂ ಫೋನಲ್ಲಿ ಓದಿ ಹೇಳಿದ್ದೆ.”

“ಎಲ್ಲರೂ ಊಟ ಮಾಡಿದ್ರಾ?”

ಇದೆಂಥ ಪ್ರಶ್ನೆ ಅನ್ನಿಸಿತು ನನಗೆ.

“ನಬಿಜಾನ್ ಪಲಾವು ಎರಡು ಸಲ ಹಾಕಿಸ್ಕೊಂಡ್ರು. ತೆನ್ ಕ್ಯಾರೆಟ್ ಪಲ್ಯ ತಂದಿದ್ದ, ಜೊತೆಗೇ ತಿಂದ. ಗೋಫುರನಿಗೆ ಹಲ್ಲುನೋವಂತೆ ಪಾಪ. ರೊಟ್ಟಿನೂ ಮುರೀಲಿಲ್ಲ, ಚಹಾನೂ ಬೇಡ ಅಂದ.”

ಇಸ್ಮತ್ ತಟ್ಟನೆ ನನ್ನತ್ತ ತಿರುಗಿದ. “ನಿನ್ನ ಇಳಿಸಿದ್ರಾ ಇವತ್ತು?”

“ಇಲ್ಲ ಕ್ಯಾಪ್ಟನ್.”

“ಒಳ್ಳೇದಾಯ್ತು. ಗೆಲ್ತೀವಿ.”

ನಬಿಜಾನ್ ಕಚೇರಿಯಲ್ಲಿ ಸಿಕ್ಕ. ಮುಖ ಕೆಂಪೇರಿತು.

“ನಾನಾ? ಅವನ ಮನೇಲಿ ಉಂಡು ಎದ್ದವನು ನಾನು!”

“ಆ ಪುಟ ಹೊರಗೆ ಬಂದ್ರೆ ನಿಮ್ಮ ಹೆಸರು ಕೆಡುತ್ತಲ್ಲ?”

“ಕೆಡಲಿ ಬಿಡಿ. ಆಗ ಎಲ್ಲಾ ತಂಡದಲ್ಲೂ ಸೂಜಿ ಹಾಕ್ತಿದ್ರು. ನನಗಿನ್ನೆಷ್ಟು ದಿನ ನೌಕರಿ?”

ಸುಳ್ಳಾಡುವ ಮನುಷ್ಯ. ನನಗೆ ಇವನೇ ಅನ್ನಿಸಿಬಿಟ್ಟಿತು. ಆಪಾ ಎದ್ದರು.

ಬಜಾರಿನಲ್ಲಿ ತೆನ್ ಕ್ಯಾರೆಟ್ ಪಲ್ಯದ ಗುಡ್ಡೆಗಳ ಹಿಂದೆ ನಿಂತಿದ್ದ. ಕೈಯೆರಡನ್ನೂ ಮುಂದೆ ಚಾಚಿದ. ಗೋಲ್ ಕಾಯುತ್ತ ಮುರಿದ ಆರು ಬೆರಳು ಒಂದೊಂದು ದಿಕ್ಕಿಗೆ.

“ನೋಡಿ ಆಪಾ. ಅಂಗಿ ಗುಂಡಿ ಹಾಕೋಕೂ ಹೆಂಡತಿ ಬೇಕು. ಆ ಪೆಟ್ಟಿಗೆ ಚಿಲಕ ತೆಗೆಯೋಕಾಗುತ್ತಾ ನನಗೆ?”

“ಮತ್ಯಾರು?”

“ಕೇಳ್ಬೇಡಿ. ನಾಳೆ ನಾನು ಬರ್ತೀನಿ. ಬರೀ ಬಾಯಿ ಮಾತು ಅಂತಾರೆ, ಅನ್ನಲಿ.”

ಪ್ರಯಾಣಿಕರ ವ್ಯಾನುಗಳ ನಿಲ್ದಾಣದಲ್ಲಿ ಗೋಫುರ್ ತಾನು ಓಡಿಸುವ ಬಿಳಿ ವ್ಯಾನಿನ ಮೆಟ್ಟಿಲ ಮೇಲೆ ಕೂತಿದ್ದ. ಹುರಿದ ಜರ್ದಾಳು ಬೀಜ ಬಾಯಿಗೆ ಹಾಕಿ ಕಟಕ್ಕನೆ ಒಡೆದು, ಸಿಪ್ಪೆ ಉಗಿಯುತ್ತಿದ್ದ. ನಮ್ಮನ್ನು ಕಂಡು ಒಂದು ಹಿಡಿ ಚಾಚಿದ.

“ತಗೊಳ್ಳಿ ಆಪಾ.”

“ಹಲ್ಲು ಹೇಗಿದೆ ಗೋಫುರ್?”

“ಯಾವ ಹಲ್ಲು?”

ಹಿಡಿ ಹಾಗೇ ನಿಂತಿತು. ಅವನಿಗೂ ಅರ್ಥವಾಗಿತ್ತು.

ಆಪಾ ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. ಗದರಲಿಲ್ಲ. “ಮುರೋದ್ ಬೆಳಗ್ಗೆಯಿಂದ ನಬಿಜಾನ್ ಮೇಲೆ ಕಣ್ಣಿಟ್ಟಿದ್ದಾನೆ. ಆದ್ರೆ ನಬಿಜಾನ್ ಹೊಟ್ಟೆ ತುಂಬ ಉಂಡ. ನೀನು ಉಣ್ಣಲಿಲ್ಲ. ಆ ಮನೆಯ ಉಪ್ಪು ಬಾಯಿಗಿಟ್ಟು ಅದೇ ಮನೆಯ ಪೆಟ್ಟಿಗೆಗೆ ಕೈ ಹಾಕೋಕೆ ನಿನ್ನಂಥವನಿಂದ ಆಗಲ್ಲ. ಅದಕ್ಕೇ ಹಲ್ಲುನೋವು. ಕದಿಯೋಕೆ ಅಂತಲೇ ಹೋಗಿದ್ದವನು ನೀನೊಬ್ಬನೇ. ಅಲ್ವಾ?”

ಗೋಫುರ್ ಹಿಡಿಯಲ್ಲಿದ್ದ ಬೀಜಗಳನ್ನು ಜೇಬಿಗೆ ಸುರಿದುಕೊಂಡ.

“ಒಂದು ಮಧ್ಯಾಹ್ನ ಉಪವಾಸ ಇದ್ರೆ ಇಪ್ಪತ್ತಾರು ವರ್ಷ ಅಲ್ಲಿ ಉಂಡದ್ದು ತೊಳೆದುಹೋಗುತ್ತಾ?”

“ಇಲ್ಲ ಆಪಾ.”

“ಯಾಕೆ ಮಾಡಿದೆ?”

“ಅವತ್ತು ಚೆಂಡಿಗೆ ನಾನೂ ಇಸ್ಮತನೂ ಒಟ್ಟಿಗೇ ಹಾರಿದ್ವಿ. ಅವನ ತಲೆಗೆ ಬಡಿದದ್ದು ನನ್ನ ತಲೆ. ಮೊದಲ ಸಲ ನನಗೆ ಫಿಟ್ಸ್ ಬಂದದ್ದೂ ಅವತ್ತೇ. ಡಾಕ್ಟರು ಅದನ್ನೂ ಬರೆದಿದ್ದಾರೆ. ಚಾಲಕರಿಗೆ ಆರೋಗ್ಯದ ಚೀಟಿ ಕೊಡೋದು ಇದೇ ಸಮಿತಿಯ ವೈದ್ಯರು. ಮಗ ರಷ್ಯಾಕ್ಕೆ ಹೋದವನು ಸುದ್ದಿಯಿಲ್ಲ, ನಾಲ್ಕು ಮೊಮ್ಮಕ್ಕಳು ಈ ಚಕ್ರದ ಮೇಲೇ...”

“ಈಗಲೂ ಬರುತ್ತಾ?”

ಅವನು ಕೆಳಗೆ ಬಿದ್ದ ಸಿಪ್ಪೆಗಳನ್ನು ಚಪ್ಪಲಿಯಿಂದ ಒತ್ತಟ್ಟಿಗೆ ಸರಿಸಿದ.

“ಹೋದ ತಿಂಗಳು. ಕಾಲುವೆ ಸೇತುವೆ ಮೇಲೆ. ಕಣ್ಣು ಬಿಟ್ಟಾಗ ವ್ಯಾನು ಕಂಬಿಗೆ ತಾಗಿ ನಿಂತಿತ್ತು. ಹಿಂದೆ ಹನ್ನೊಂದು ಜನ. ಟೈರು ಜಾರ್ತು ಅಂದೆ. ನಂಬಿದ್ರು.”

ನನ್ನ ಸೊಸೆ ದಿನವೂ ಓಡಾಡುವ ವ್ಯಾನು ಅದು.

“ನಿನ್ನ ಪುಟ ಹರಿದು ಮಿಕ್ಕದ್ದು ಬಿಡಬಹುದಿತ್ತಲ್ಲ ಗೋಫುರಣ್ಣ!” ಅಂದೆ.

“ಹರಿಯೋಣ ಅಂತಲೇ ತೆಗೆದೆ.” ಸೀಟಿನ ಕೆಳಗಿನಿಂದ ಹಳದಿ ನೋಟ್‌ಬುಕ್ ಎಳೆದು ತೆರೆದ. ಡಾಕ್ಟರ ಓರೆ ಅಕ್ಷರ. “ನೋಡು. ಅವನ ಹೆಸರು, ನನ್ನ ಹೆಸರು, ಎರಡೂ ಒಂದೇ ಸಾಲು. ನನ್ನದು ಹರಿದ್ರೆ ಅವನದೂ ಹೋಗುತ್ತೆ. ರಾತ್ರಿಯೆಲ್ಲಾ ಕೈಯಲ್ಲಿ ಹಿಡ್ಕೊಂಡಿದ್ದೆ. ಹರಿಯೋಕೂ ಆಗಲಿಲ್ಲ, ವಾಪಸ್ ಕೊಡೋಕೂ ಆಗಲಿಲ್ಲ.”

ನೋಟ್‌ಬುಕ್ಕನ್ನು ಆಪಾ ಮುಟ್ಟಲಿಲ್ಲ. ಅಂಗೈ ಚಾಚಿದರು.

“ವ್ಯಾನಿನ ಕೀ ಕೊಡು. ಈಗಲೇ. ನೋಟ್‌ಬುಕ್ ನಾಳೆ ನೀನೇ ತಾ.”

“ತರದಿದ್ರೆ?”

“ಓಯ್‌ದಿನ್‌ಗೆ ನೀನೇ ಹೋಗಿ ಹೇಳು.”

ಒಬ್ಬ ಮುದುಕಿ ಚೀಲ ಹೊತ್ತು ಬಂದು ಹತ್ತಲು ಕಾಲೆತ್ತಿದಳು. “ಹೊರಡಲ್ವೇನಪ್ಪಾ?”

“ಇಲ್ಲ ಅಜ್ಜಿ,” ಅಂದ ಗೋಫುರ್. “ಮುಂದಿನ ವ್ಯಾನ್ ಹತ್ತಿ.” ಕೀಯನ್ನು ಆಪಾ ಅಂಗೈಗಿಟ್ಟ.

ಮರುದಿನ ಹತ್ತಕ್ಕೆ ಐದು ನಿಮಿಷವಿರುವಾಗ ಅವನು ನಡೆದುಕೊಂಡೇ ಬಂದ. ತೆನ್ ಆಗಲೇ ಬಾಗಿಲಲ್ಲಿದ್ದ. ಇಬ್ಬರೂ ಒಳಗೆ ಹೋಗಿ ಸಮಿತಿಯ ಮೇಜಿನ ಮುಂದೆ ನಿಂತರು. ಆ ಸಾಲನ್ನು ಗೋಫುರನೇ ಗಟ್ಟಿಯಾಗಿ ಓದಿದ, ತನ್ನ ಹೆಸರನ್ನೂ ಬಿಡದೆ. ವೈದ್ಯರು ಕನ್ನಡಕ ತೆಗೆದು ಕೇಳಿದರು, “ನೀವು ಈಗ ಏನು ಕೆಲಸ ಮಾಡ್ತೀರಿ?”

“ಚಾಲಕನಾಗಿದ್ದೆ.”

ಇಸ್ಮತನ ಕಡತಕ್ಕೆ ಮುದ್ರೆ ಬಿತ್ತು. ಗೋಫುರನ ಚಾಲನಾ ಪರವಾನಗಿಯನ್ನು ಅಲ್ಲೇ ತೆಗೆದಿಟ್ಟುಕೊಂಡರು.

ಇಬ್ಬರೂ ಕೊಟ್ಟ ಮಾತು ಉಳಿಸಿಕೊಂಡರು.