ಒಂಬತ್ತಕ್ಕೆ ಬಂದ ಆನೆ ಸುದ್ದಿ

೨೦೦೮ರ ಡಿಸೆಂಬರ್ ೧೧, ಗುರುವಾರ. ಠಾಣೆಗೆ ಬಂದ ಭಾಗಮ್ಮ ದೂರು ಬರೆದು ತಂದಿರಲಿಲ್ಲ. ತಾಯಿಯ ಮೊಬೈಲನ್ನು ಎಸ್‌ಐ ರಂಗನಾಥರ ಮೇಜಿನ ಮೇಲಿಟ್ಟಳು.

"ನಿನ್ನೆ ಅವ್ವನ್ನ ಆನೆ ತುಳಿದಿದ್ದು ಬೆಳಿಗ್ಗೆ ಏಳಕ್ಕೆ. ಆನೆ ಬಂದಿದೆ, ಹೊರಡಬೇಡಿ ಅಂತ ಮೆಸೇಜ್ ಬಂದಿದ್ದು ಒಂಬತ್ತಕ್ಕೆ. ಯಾಕೆ ಸಾರ್?"

ಬಾಳೂರು ರಸ್ತೆಯಲ್ಲಿ ಅವಳ ತಾಯಿ ದ್ಯಾವಮ್ಮನ ಹೆಣದ ಪಂಚನಾಮೆ ನಡೆಯುತ್ತಿದ್ದಾಗಲೇ ಆ ಫೋನು ಸದ್ದು ಮಾಡಿತ್ತು. ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಚಿಕ್ಕಯ್ಯನ ಕೈ ನಿಂತುಹೋಗಿತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಎಲ್ಲರೂ ಮೊಬೈಲ್ ಸಿಗ್ನಲ್ಲನ್ನು ಬೈದರು. ಕೂಲಿಯವಳ ಸಾವಿಗೆ ಬೈಯಲು ಸಿಗ್ನಲ್ಲಿಗಿಂತ ಅನುಕೂಲದ್ದು ಇನ್ನೇನಿದೆ!

ಎಫ್‌ಐಆರ್ ದಾಖಲಿಸಿ ರಂಗನಾಥರು ಜಾವಳಿಯ ಎಸ್ಟೇಟ್ ಆಫೀಸಿಗೆ ಹೊರಟರು. ಆನೆ ಕಂಡರೆ ಕಾಡಿನ ಕಾವಲಿನವರು ಅಲ್ಲಿಗೆ ಫೋನ್ ಮಾಡುತ್ತಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶಂಕರ ಅದನ್ನು ಆಫೀಸಿನ ಕಂಪ್ಯೂಟರಾದ ಲಿನಕ್ಸ್ ಸರ್ವರಿನಲ್ಲಿ ಟೈಪ್ ಮಾಡಿದರೆ ಸುತ್ತಲಿನವರಿಗೆಲ್ಲ ಮೆಸೇಜ್ ಹೋಗುತ್ತಿತ್ತು. ಸರ್ವರ್ ಕೂರಿಸಿಕೊಟ್ಟವನು ಬಣಕಲ್‌ನಲ್ಲಿ ಕಂಪ್ಯೂಟರ್ ಅಂಗಡಿಯಿಟ್ಟಿದ್ದ ಮುನವ್ವರ್. ತಪ್ಪು ಅವನದೇ ಎಂದು ಊರು ಆಗಲೇ ತೀರ್ಪು ಕೊಟ್ಟಿತ್ತು.

ಪಂಚರ ಎದುರು ಮುನವ್ವರ್ ಕೀಬೋರ್ಡಿನ ಮುಂದೆ ಕುಳಿತ. ಮೊದಲು df -h ಒತ್ತಿದ.

"ಡಿಸ್ಕ್ ತುಂಬಿಲ್ಲ ಸಾರ್, ಜಾಗ ಇದೆ."

ನಡೆದದ್ದನ್ನೆಲ್ಲ ಸರ್ವರ್ ಬರೆದಿಡುವ ಲಾಗ್ ತೆರೆದ. ಶಂಕರ ಆರೂಕಾಲಿಗೇ ಟೈಪ್ ಮಾಡಿದ್ದ. ಮೆಸೇಜ್ ಕಳಿಸುವ ಪ್ರೋಗ್ರಾಮ್ ಮಾತ್ರ ಆರಕ್ಕೆ ನಿಂತು ಒಂಬತ್ತಕ್ಕೆ ಎದ್ದಿತ್ತು.

"ತಾನಾಗಿ ಕೆಟ್ಟದ್ದು ಗಡಿಯಾರ ನೋಡ್ಕೊಂಡು ಸರಿಯಾಗುತ್ತಾ?" ಎಂದರು ರಂಗನಾಥ.

ಮುನವ್ವರ್ crontab -l ಎಂದು ಹೊಡೆದ. ಎರಡು ಸಾಲು ಬಂದವು.

"ದಿನಾ ಆರಕ್ಕೆ ನಿಲ್ಲಿಸು, ಒಂಬತ್ತಕ್ಕೆ ಶುರು ಮಾಡು ಅಂತ ಸರ್ವರ್‌ಗೆ ಹೇಳಿಟ್ಟಿದಾರೆ. ನಾನು ಬರೆದಿದ್ದಲ್ಲ ಸಾರ್."

"ಪಾಸ್‌ವರ್ಡ್ ಯಾರಿಗೆ ಗೊತ್ತು?"

"ನಂಗೆ, ರೈಟರ್‌ಗೆ. ಕರೆಂಟ್ ಹೋದಾಗೆಲ್ಲ ಬಣಕಲ್ಲಿಂದ ಬರೋಕಾಗಲ್ಲ ಅಂತ ಅವ್ರಿಗೂ ಕಲಿಸಿಕೊಟ್ಟಿದ್ದೆ."

ಶಂಕರ ಸಮಾಧಾನವಾಗಿಯೇ ಹೇಳಿದ: "ನಾನು ಟೈಪ್ ಮಾಡಿದ್ದೆ, ಅಲ್ಲೇ ಇದೆ ನೋಡಿ. ಮೆಷಿನ್ ವಿಷಯ ಅವನ್ನೇ ಕೇಳಿ."

ಚಿಕ್ಕಯ್ಯ ಮುನವ್ವರನನ್ನು ಹಿಡಿದೊಯ್ಯಲು ಹೆಗಲಿಗೆ ಕೈ ಹಾಕಿಯೇಬಿಟ್ಟ. ರಂಗನಾಥರು ಕಣ್ಣಲ್ಲೇ ತಡೆದರು.

"ಶಂಕರ್, ಮನೇಲಿ ಯಾರಿದಾರೆ?"

"ಮಗಳು ರಕ್ಷಾ, ಸಾರ್. ಬಾಳೂರಿಂದ ಮೂಡಿಗೆರೆ ಕಾಲೇಜಿಗೆ ಹೋಗ್ತಾಳೆ."

"ನಿನ್ನೆ ಹೋದ್ಳಾ?"

"ಇಲ್ಲ. ಆನೆ ಇದೆ, ಬಸ್ಸಿಗೆ ಹೊರಡಬೇಡ ಅಂತ ಫೋನ್ ಮಾಡಿದ್ದೆ."

"ಅವಳಿಗೂ ಮೆಸೇಜ್ ಹೋಗುತ್ತಲ್ಲ?"

"ಹೋಗುತ್ತೆ."

"ಆನೆ ಬಂದಾಗೆಲ್ಲ ಫೋನ್ ಮಾಡ್ತಿದ್ರಾ?"

"ಇಲ್ಲ…"

"ಮತ್ತೆ ನಿನ್ನೆ ಯಾಕೆ?"

"ಮೆಸೇಜ್ ಹೋಗಲ್ಲ ಅಂತ ಗೊತ್ತಿತ್ತು ಸಾರ್. ಆ ಎರಡು ಸಾಲು ನಾನೇ ಬರೆದಿದ್ದು," ಎಂದ ಶಂಕರ.

ಕಾಯುವವನೇ ಕೊಂದಿದ್ದ, ಅದೂ ದ್ವೇಷವಿಲ್ಲದೆ. ಕಾಫಿ ಕುಯ್ಲಿನ ಕಾಲ. ಆನೆ ಮೆಸೇಜ್ ಬಂದ ದಿನ ಆಳುಗಳು ಬರುತ್ತಿರಲಿಲ್ಲ, ಹಣ್ಣು ಉದುರಿ ನೆಲದ ಪಾಲಾಗುತ್ತಿತ್ತು. "ನಾಳೆಯೂ ಆಳು ಬರದಿದ್ರೆ ನೀನೂ ಬರಬೇಡ" ಎಂದು ಮಂಗಳವಾರ ಸಂಜೆ ಹೇಳಿದ್ದರು ತೋಟದ ಸಾಹುಕಾರರು. ಒಂಬತ್ತರ ಹೊತ್ತಿಗೆ ಆಳುಗಳು ತೋಟ ಸೇರಿರುತ್ತಾರೆ, ಆನೆ ಅಷ್ಟರಲ್ಲಿ ಕಾಡು ಸೇರಿರುತ್ತದೆ ಎಂಬುದು ಶಂಕರನ ಲೆಕ್ಕ. ವಿಚಾರಿಸಿದಾಗ ಸಾಹುಕಾರರು, "ಕಂಪ್ಯೂಟರ್ ಮುಟ್ಟು ಅಂತ ನಾನು ಹೇಳಿದ್ನಾ?" ಎಂದರು. ಹೇಳಿರಲಿಲ್ಲ. ಅವರನ್ನು ಹಿಡಿಯುವ ಕಲಂ ರಂಗನಾಥರಿಗೆ ಸಿಗಲಿಲ್ಲ, ಅದರ ಉರಿ ಅವರಿಗೆ ಕೊನೆವರೆಗೂ ಹೋಗಲಿಲ್ಲ.

ಸಂಜೆ ನಾಲ್ಕಕ್ಕೆ ಶಂಕರನ ದಸ್ತಗಿರಿ. ಕರೆ ಬಂದಿದ್ದ ಮಗಳ ಮೊಬೈಲ್ ಜಪ್ತಿಗೆಂದು ಅವನನ್ನು ಬಾಳೂರಿನ ಮನೆಗೆ ಕರೆದೊಯ್ದಾಗ ರಕ್ಷಾ ಬಾಗಿಲಲ್ಲಿದ್ದಳು. ಸುದ್ದಿ ಮೊದಲೇ ಮುಟ್ಟಿತ್ತು. ದ್ಯಾವಮ್ಮನ ಮನೆ ಅಲ್ಲಿಂದ ಕೂಗಳತೆ. ರಕ್ಷಾ ಅಳಲಿಲ್ಲ, ಅಪ್ಪನ ಕೈಯ ಬೇಡಿಯನ್ನೂ ನೋಡಲಿಲ್ಲ.

"ಇನ್ನೊಂದು ಫೋನ್ ಮಾಡೋಕೆ ಕರೆನ್ಸಿ ಇರ್ಲಿಲ್ವಾ ಅಪ್ಪಾ?"